ಊರಂಗಡಿ ಏಕೆ ಉಳಿದಿದೆ?

ಪ್ರಶ್ನೆ: ಮೊಬೈಲಿನಲ್ಲೇ ಎಲ್ಲವೂ ಸಿಗುವಾಗ ಮಂಡ್ಯ ಜಿಲ್ಲೆಯ ಹನಕೆರೆಯಂಥ ಊರುಗಳಲ್ಲಿ ಚಿಲ್ಲರೆ ಅಂಗಡಿಗಳು ಹೇಗೆ ನಡೆಯುತ್ತವೆ?

ಉತ್ತರ: ಮುಖ್ಯ ಕಾರಣ ಸಾಲದ ಪುಸ್ತಕ. ಮಂಡ್ಯ, ಮದ್ದೂರು, ಮಳವಳ್ಳಿ ಕಬ್ಬಿನ ಸೀಮೆ. 1933ರಲ್ಲಿ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಆರಂಭವಾದ ಮೇಲೆ ಈ ಬೆಳೆ ಇಲ್ಲಿ ಬೇರೂರಿತು. ಕಬ್ಬು ಮಾಗಲು ಸುಮಾರು 12 ತಿಂಗಳು ಬೇಕು. ಕಬ್ಬು ಒಪ್ಪಿಸಿದ 14 ದಿನಗಳಲ್ಲಿ ಕಾರ್ಖಾನೆ ಹಣ ಕೊಡಬೇಕೆಂಬ ನಿಯಮವಿದೆ. ಅದು ತಡವಾಗುವುದೂ ಉಂಟು. ರೈತನ ಕೈಗೆ ದುಡ್ಡು ಬರುವುದು ಒಮ್ಮೆ, ಮನೆಗೆ ಎಣ್ಣೆ, ಬೇಳೆ, ಸೋಪು ಬೇಕಾಗುವುದು ದಿನವೂ. ಈ ಅಂತರವನ್ನು ತುಂಬುವವರು ಅಂಗಡಿಯವರು. ‘ಬರ್ಕೊಳ್ಳಿ’ ಎಂಬ ಒಂದು ಮಾತೇ ಅಲ್ಲಿ ಜಾಮೀನು. ಕಬ್ಬಿನ ದುಡ್ಡು ಬಂದಾಗ ರೈತರು ಮೊದಲು ಅಂಗಡಿಯ ಲೆಕ್ಕ ತೀರಿಸುತ್ತಾರೆ. ಆ ನಂಬಿಕೆಯಿಂದಲೇ ಅಂಗಡಿ ಉಳಿದಿದೆ.