ಕಾರ್ಲ್‌ಸನ್ ಮೇಜು ಗುದ್ದಿದ ಆಟ

ಮೇಜಿಗೊಂದು ಗುದ್ದು. ಚೆಸ್ ಬೋರ್ಡ್ ಮೇಲಿನ ಕಾಯಿಗಳು ಉರುಳಿದವು. ಗುದ್ದಿದ್ದು ಮ್ಯಾಗ್ನಸ್ ಕಾರ್ಲ್‌ಸನ್!

2025ರ ಜೂನ್ 1. ಜಾಗ, ನಾರ್ವೆಯ ಸ್ಟಾವಂಗರ್‌ನ ಚೆಸ್ ಟೂರ್ನಿ. ಬಿಳಿ ಕಾಯಿ ಹಿಡಿದು ಎದುರು ಕೂತವರು ಚೆನ್ನೈನ 19 ವರ್ಷದ ಗುಕೇಶ್. ಕಾರ್ಲ್‌ಸನ್ ರೇಟಿಂಗ್ 2837, ಗುಕೇಶ್‌ದು 2787. ತಮಾಷೆ ಏನಂದ್ರೆ, ವಿಶ್ವ ಚಾಂಪಿಯನ್ ಪಟ್ಟ ಇದ್ದದ್ದು ಕಡಿಮೆ ರೇಟಿಂಗ್‌ನ ಗುಕೇಶ್ ಹತ್ರ!

50 ಅಂಕ ಅಂದ್ರೆ ಎಷ್ಟು ಅಂತರ? ಇಂಥ ಇಬ್ಬರು 100 ಆಟ ಆಡಿದರೆ, ಲೆಕ್ಕದ ಪ್ರಕಾರ ದೊಡ್ಡ ರೇಟಿಂಗ್‌ನವರಿಗೆ ಸುಮಾರು 57 ಪಾಯಿಂಟ್. ಅಷ್ಟೇ.

ಅವತ್ತು ಮಾತ್ರ ಗುಕೇಶ್ ಸ್ಥಿತಿ ಲೆಕ್ಕಕ್ಕಿಂತ ಕೆಟ್ಟದಾಗಿತ್ತು. ಆಟ ಹೆಚ್ಚುಕಮ್ಮಿ ಕೈತಪ್ಪಿತ್ತು. ಆದರೂ ಪಟ್ಟು ಬಿಡಲಿಲ್ಲ, ಎಳೆದರು. ಆ ಟೂರ್ನಿಯಲ್ಲಿ 40 ನಡೆ ದಾಟಿದ ಮೇಲೆ ಪ್ರತಿ ನಡೆಗೆ ಸಿಗ್ತಿದ್ದದ್ದು ಬರೀ 10 ಸೆಕೆಂಡ್ ಹೆಚ್ಚುವರಿ. ಯೋಚನೆಗೆ ಪುರುಸೊತ್ತೆಲ್ಲಿ?

52ನೇ ನಡೆ. ಕಾರ್ಲ್‌ಸನ್ ಕುದುರೆಯನ್ನು ಇ2 ಮನೆಗಿಟ್ಟು ಚೆಕ್ ಕೊಟ್ಟರು. ನೋಡೋಕೆ ಭರ್ಜರಿ, ಎಡವಿದ್ದೂ ಅಲ್ಲೇ. ಹತ್ತೇ ನಡೆಗಳಲ್ಲಿ ಆಟ ಮುಗಿಯಿತು, ಗುಕೇಶ್ ಗೆದ್ದರು. ಆಗಲೇ ಕಾರ್ಲ್‌ಸನ್ ಮೇಜು ಗುದ್ದಿದ್ದು.

ಗುದ್ದಿದ ಮೇಲೆ ಅವರು ಕೈಕುಲುಕಿದರು, ಕ್ಷಮೆ ಕೇಳಿದರು, ಹೋಗುವಾಗ ಗುಕೇಶ್ ಬೆನ್ನನ್ನೂ ತಟ್ಟಿದರು. ಆ ವಿಡಿಯೊ ತುಣುಕು ಗುದ್ದಿನಷ್ಟು ಓಡಲಿಲ್ಲ ಬಿಡಿ.

ಕ್ಲಾಸಿಕಲ್ ಆಟದಲ್ಲಿ ಕಾರ್ಲ್‌ಸನ್ ವಿರುದ್ಧ ಗುಕೇಶ್‌ಗೆ ಇದು ಮೊದಲ ಗೆಲುವು. ಟೂರ್ನಿ ಗೆದ್ದದ್ದು ಮಾತ್ರ ಕಾರ್ಲ್‌ಸನ್ನೇ.