ಊರೊಳಗೆ ತುಳಿಯುವ ಸೈಕಲ್ಲು ಬಂದ ದಾರಿ

ಈಗ ಯಾವ ಊರಿನ ಸೈಕಲ್ ಅಂಗಡಿಗೆ ಹೋದರೂ ಬಾಗಿಲಲ್ಲೇ ಎದುರಾಗುವುದು ದಪ್ಪ ಟೈರಿನ, ಮುಂದೆ ಶಾಕ್ ಅಬ್ಸಾರ್ಬರ್ ಇರುವ, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿದ, ಮೈಮೇಲೆ ‘21 ಸ್ಪೀಡ್’ ಎಂದು ಬರೆಸಿಕೊಂಡ ಸೈಕಲ್ಲು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಚೈನ್ ಕವರ್ ಇಲ್ಲ, ಎಷ್ಟೋ ಸಲ ಬೆಲ್ಲೂ ಇರುವುದಿಲ್ಲ. ಕೊಳ್ಳಲು ಬಂದವರ ಬೇಡಿಕೆ ಮಾತ್ರ ತೀರಾ ಸರಳ. ಬೆಳಿಗ್ಗೆ ಹಾಲು ತರಬೇಕು, ಮೆಟ್ರೋ ನಿಲ್ದಾಣದವರೆಗೆ ಹೋಗಿಬರಬೇಕು, ಸಂಜೆ ಕೆರೆಯ ಸುತ್ತ ಒಂದೆರಡು ಸುತ್ತು ಹಾಕಬೇಕು, ಬೆಲೆ ಕೈಗೆಟುಕಬೇಕು. ಈ ಬೇಡಿಕೆಗೂ ಬಾಗಿಲಲ್ಲಿ ನಿಂತ ಆ ಸೈಕಲ್ಲಿಗೂ ಸಂಬಂಧವೇ ಇಲ್ಲ. ಸಂಬಂಧ ಹೇಗೆ ಕಡಿದುಹೋಯಿತು ಎಂಬುದು ಗೊತ್ತಾದರೆ ಮೊದಲ ಸೈಕಲ್ಲನ್ನು ಆರಿಸುವ ಕೆಲಸ ಅರ್ಧ ಮುಗಿದಂತೆ. ಸೈಕಲ್ಲಿನ ಒಂದೊಂದು ಭಾಗವೂ ಯಾವುದೋ ಒಂದು ಊರಿನ, ಯಾವುದೋ ಒಂದು ರಸ್ತೆಗಾಗಿ ಹುಟ್ಟಿದ್ದು. ನಮ್ಮ ರಸ್ತೆಗೆ ಆಗಿಬರುವುದು ಯಾವುದು ಎಂದು ಕೇಳಿಕೊಳ್ಳಬೇಕು, ಅಷ್ಟೇ.

ಮೂಲ ಆಕಾರ ಬಂದದ್ದು 1885ರಲ್ಲಿ. ಅದಕ್ಕೂ ಮೊದಲು ಪೆಡಲನ್ನು ಮುಂಚಕ್ರದ ಅಚ್ಚಿಗೇ ಜೋಡಿಸುತ್ತಿದ್ದರು. ವೇಗ ಬೇಕೆಂದರೆ ಚಕ್ರವನ್ನೇ ದೊಡ್ಡದು ಮಾಡಬೇಕಿತ್ತು. ಸವಾರ ಆಳೆತ್ತರದಲ್ಲಿ ಕೂರುತ್ತಿದ್ದ, ಕಲ್ಲು ಅಡ್ಡ ಬಂದರೆ ತಲೆ ಮುಂದಾಗಿ ಬೀಳುತ್ತಿದ್ದ. ಇಂಗ್ಲೆಂಡಿನ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ತನ್ನ ‘ರೋವರ್’ ಸೈಕಲ್ಲಿನಲ್ಲಿ ಚೈನು ಹಾಕಿ ಹಿಂಚಕ್ರವನ್ನು ತಿರುಗಿಸಿದ. ಚಕ್ರಗಳೆರಡೂ ಹೆಚ್ಚುಕಡಿಮೆ ಒಂದೇ ಅಳತೆಗೆ ಇಳಿದವು, ಸವಾರನ ಕಾಲು ನೆಲಕ್ಕೆ ನಿಲುಕಿತು. ಮೂರು ವರ್ಷಕ್ಕೆ, 1888ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಮಗನ ಮೂರು ಚಕ್ರದ ಗಾಡಿ ಕಲ್ಲುಹಾಸಿನ ಮೇಲೆ ಕುಲುಕುವುದನ್ನು ನೋಡಲಾರದೆ ಮಾಡಿದ ಕೆಲಸ ಅದು. ಆಮೇಲೆ ಸೈಕಲ್ಲಿನ ಮೂಲ ರೂಪ ಬದಲಾಗಿಲ್ಲ.

ಇದರಿಂದ ಬೆಳೆದು ಬಂದದ್ದೇ ನಮ್ಮ ಅಜ್ಜ, ಅಪ್ಪಂದಿರ ಕರಿ ಸೈಕಲ್ಲು. ನಾಟಿಂಗ್‌ಹ್ಯಾಮಿನ ರ‍್ಯಾಲಿ, ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಸ್ ಮತ್ತು ಬಿಎಸ್ಎ ಕಂಪನಿಗಳು ಇದನ್ನು ರೋಡ್‌ಸ್ಟರ್ ಎಂದು ಕರೆದವು, ಹಡಗಿನಲ್ಲಿ ದೇಶದೇಶಗಳಿಗೆ ಕಳಿಸಿದವು. ಸ್ವಾತಂತ್ರ್ಯದ ಹೊತ್ತಿಗೆ ಅದನ್ನು ಇಲ್ಲೇ ತಯಾರಿಸುವ ಹುರುಪು ಹುಟ್ಟಿತು. 1949ರಲ್ಲಿ ಮದ್ರಾಸಿನಲ್ಲಿ ಮುರುಗಪ್ಪ ಮನೆತನದವರು ಬ್ರಿಟನ್ನಿನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಜತೆಗೂಡಿ ಟಿಐ ಸೈಕಲ್ಸ್ ಕಟ್ಟಿದರು, ಹರ್ಕ್ಯುಲಸ್ ಇಲ್ಲಿಯದೇ ಆಯಿತು. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್ ಶುರುವಾಯಿತು. ಈಗ ಪಾಕಿಸ್ತಾನದಲ್ಲಿರುವ ಕಮಾಲಿಯಾದಿಂದ ಬಂದ ಮುಂಜಾಲ್ ಸಹೋದರರು ಲುಧಿಯಾನದಲ್ಲಿ ಸೈಕಲ್ ಬಿಡಿಭಾಗ ಮಾರಿಕೊಂಡಿದ್ದರು. 1956ರಲ್ಲಿ ಅವರು ಹೀರೋ ಸೈಕಲ್ಸ್ ಆರಂಭಿಸಿದರು, ಮೂವತ್ತು ವರ್ಷದಲ್ಲಿ ಜಗತ್ತಿನ ಅತಿ ದೊಡ್ಡ ಸೈಕಲ್ ತಯಾರಕರೆಂದು ಗಿನ್ನೆಸ್ ದಾಖಲೆಗೆ ಸೇರಿದರು.

ಆ ಕರಿ ಸೈಕಲ್ಲನ್ನು ಒಂದು ಗಳಿಗೆ ಹತ್ತಿರದಿಂದ ನೋಡಬೇಕು. ಹ್ಯಾಂಡಲ್ ಎದೆಯ ಹತ್ತಿರಕ್ಕೆ ಬಂದಿದೆ, ಹಾಗಾಗಿ ಬೆನ್ನು ನೆಟ್ಟಗೆ, ಕಣ್ಣು ರಸ್ತೆಯ ಮೇಲೆ. ಮುಂದಿನ ಫೋರ್ಕು ತುದಿಯಲ್ಲಿ ಮುಂದಕ್ಕೆ ಬಾಗಿದೆ. ಗುಂಡಿ ಬಿದ್ದ ದಾರಿಯಲ್ಲಿ ಆ ಬಾಗು ತುಸು ಬಳುಕಿ ಪೆಟ್ಟನ್ನು ಅರಗಿಸಿಕೊಳ್ಳುತ್ತದೆ. ಸೀಟಿನಡಿ ಸ್ಪ್ರಿಂಗು. ಒಂದೂವರೆ ಇಂಚು ದಪ್ಪದ ಟೈರು. ಚೈನಿನ ಮೇಲೆ ಹೊದಿಕೆ ಇರುವುದರಿಂದ ಪಂಚೆ ಸಿಕ್ಕಿಕೊಳ್ಳದು. ಸೈಕಲ್ಲನ್ನು ನೇರ ನಿಲ್ಲಿಸುವ ಡಬಲ್ ಸ್ಟ್ಯಾಂಡಿದೆ, ಭತ್ತದ ಮೂಟೆ ಹೊರುವ ಕ್ಯಾರಿಯರಿದೆ. ಮೈಸೂರು ಸೀಮೆಯ ಊರುಗಳಲ್ಲಿ ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಹೋದರೆ, ಡಬಲ್ ರೈಡ್ ಮಾಡಿದರೆ ಪೊಲೀಸರು ಹಿಡಿಯುತ್ತಿದ್ದರು. ಅಂದರೆ ಅದನ್ನು ವಾಹನವೆಂದೇ ಎಲ್ಲರೂ ನಂಬಿದ್ದರು. ಸೀಟಿಗೆ ಏರಲಾಗದ ಹುಡುಗರು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಂದು, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದೇ ಕಲಿತರು.

ಅದಕ್ಕೆ ಕೊರತೆಗಳೂ ಇದ್ದವು. ತೂಕ 20 ಕಿಲೋ ಆಸುಪಾಸು, ಗೇರು ಒಂದೇ. ಏರು ಬಂದರೆ ಇಳಿದು ತಳ್ಳಬೇಕು. ಬ್ರೇಕಿನದು ಇನ್ನೂ ದೊಡ್ಡ ತಾಪತ್ರಯ. ಹ್ಯಾಂಡಲ್ ಕೆಳಗಿನ ಸರಳನ್ನು ಎಳೆದರೆ ಆ ಎಳೆತ ಕೀಲಿನಿಂದ ಕೀಲಿಗೆ ಸಾಗಿ, ಬ್ರೇಕ್ ರಬ್ಬರನ್ನು ರಿಮ್ಮಿನ ಒಳಮೈಗೆ ಒತ್ತುತ್ತದೆ. ಕ್ರೋಮ್ ಲೇಪಿಸಿದ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ರಬ್ಬರು ಜಾರುತ್ತದೆಯೇ ಹೊರತು ಹಿಡಿಯುವುದಿಲ್ಲ. ಇವತ್ತಿನ ವಾಹನದಟ್ಟಣೆಯ ನಡುವೆ ಆ ಬ್ರೇಕನ್ನು ನಂಬಿ ಹೊರಡಿ ಎಂದು ಯಾರಿಗೂ ನಾನು ಹೇಳಲಾರೆ.

ಕೊರತೆ ತಿದ್ದಿ ಮುಂದುವರಿಯಬಹುದಿತ್ತು. ಆದರೆ ದೊಡ್ಡವರು ಸೈಕಲ್ಲನ್ನೇ ಬಿಟ್ಟರು. 1972ರಲ್ಲಿ ಲೂನಾ ಮೊಪೆಡ್ ಬಂತು, 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು, ಅದರ ಬೆನ್ನಿಗೇ ನೂರು ಸಿಸಿಯ ಬೈಕುಗಳು ಬಂದವು. ಗುಮಾಸ್ತರು, ಮೇಷ್ಟರು, ಹಾಲಿನವರು ಒಬ್ಬೊಬ್ಬರಾಗಿ ಪೆಡಲಿನಿಂದ ಕಾಲು ತೆಗೆದರು. ನಗರದಲ್ಲಿ ಸೈಕಲ್ಲು ಹೈಸ್ಕೂಲು ಹುಡುಗರ ಪಾಲಿಗೆ ಉಳಿಯಿತು. ಕೊಳ್ಳುವವರು ಹುಡುಗರಾದ ಮೇಲೆ ಸೈಕಲ್ಲು ಅವರ ಕನಸಿನಂತೆಯೇ ಇರಬೇಕಲ್ಲ. ಆ ಕನಸು ಬಂದದ್ದು ಅಮೆರಿಕದಿಂದ.

ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ತಾಮಲ್‌ಪಾಯಸ್ ಎಂಬ ಬೆಟ್ಟವಿದೆ. 1970ರ ದಶಕದಲ್ಲಿ ಅಲ್ಲಿಯ ಒಂದಿಷ್ಟು ಯುವಕರು ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಮೇಲಕ್ಕೆ ಸಾಗಿಸಿ, ಮಣ್ಣುದಾರಿಯಲ್ಲಿ ಕೆಳಕ್ಕೆ ಬಿಡುವ ಆಟ ಹೂಡಿದರು. ಹಿಂಚಕ್ರದ ಹಬ್ಬಿನೊಳಗಿದ್ದ ಬ್ರೇಕನ್ನು ಇಳಿಜಾರಿನ ಉದ್ದಕ್ಕೂ ಒತ್ತಿ ಒತ್ತಿ ಅಲ್ಲಿನ ಗ್ರೀಸು ಸುಟ್ಟು ಹೊಗೆಯಾಡುತ್ತಿತ್ತು. ಇನ್ನೊಮ್ಮೆ ಇಳಿಯುವ ಮುಂಚೆ ಹೊಸ ಗ್ರೀಸು ತುಂಬಲೇಬೇಕು. ಹಾಗಾಗಿ ಆ ಸೀಮೆಯ ಒಂದು ದಾರಿಗೇ ‘ರಿಪ್ಯಾಕ್’ (ಮತ್ತೆ ತುಂಬು) ಎಂಬ ಹೆಸರು ಬಿತ್ತು. ಅವರಲ್ಲೊಬ್ಬನಾದ ಜೋ ಬ್ರೀಜ್ 1977ರ ಹೊತ್ತಿಗೆ ಈ ಆಟಕ್ಕೆಂದೇ ಚೌಕಟ್ಟು ಮಾಡಿದ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂದು ಮೌಂಟೇನ್ ಬೈಕ್ ಎಲ್ಲರ ಕೈಗೆಟುಕುವ ಸರಕಾಯಿತು. 1989ರಲ್ಲಿ ರಾಕ್‌ಶಾಕ್ಸ್ ಕಂಪನಿ ಎಣ್ಣೆ ಮತ್ತು ಗಾಳಿಯ ಒತ್ತಡದಲ್ಲಿ ಕೆಲಸ ಮಾಡುವ ಶಾಕ್ ಫೋರ್ಕನ್ನು ತಂದಿತು. ಬೆಟ್ಟ ಇಳಿಯುವವರಿಗೆ ಅದು ವರವೇ.

ನಮ್ಮಲ್ಲಿಗೆ ಬಂದದ್ದು ಅದರ ವೇಷ. ಕಡಿಮೆ ಬೆಲೆಯ ಸೈಕಲ್ಲಿನ ಶಾಕ್ ಫೋರ್ಕಿನೊಳಗೆ ಎಣ್ಣೆಯೂ ಇಲ್ಲ, ಗಾಳಿಯೂ ಇಲ್ಲ, ಒಂದು ಉಕ್ಕಿನ ಸ್ಪ್ರಿಂಗು ಮಾತ್ರ. ಮುಂಭಾಗಕ್ಕೆ ಅದು ಕಿಲೋಗಟ್ಟಲೆ ಭಾರ ಸೇರಿಸುತ್ತದೆ. ಎದ್ದು ನಿಂತು ತುಳಿದರೆ ಪ್ರತಿ ತುಳಿತಕ್ಕೂ ಮುಂಭಾಗ ಕುಸಿದು ಏಳುತ್ತದೆ. ಚಕ್ರಕ್ಕೆ ಹೋಗಬೇಕಾದ ನಿಮ್ಮ ಕಾಲಿನ ಕಸುವು ಸ್ಪ್ರಿಂಗಿಗೆ ಹೋಗುತ್ತದೆ. ಮಳೆಗಾಲವೊಂದು ಕಳೆದರೆ ಒಳಗೆ ತುಕ್ಕು ಹಿಡಿಯುತ್ತದೆ. ಬೆಲೆಯ ಒಂದು ಪಾಲು ಹೀಗೆ ಪ್ರದರ್ಶನಕ್ಕೆ ಹೋದಾಗ ಬೇರಿಂಗು, ರಿಮ್ಮು, ಟೈರಿನಂಥ ಕಣ್ಣಿಗೆ ಬೀಳದ ಜಾಗಗಳಲ್ಲಿ ಉಳಿತಾಯ ಮಾಡಿರುತ್ತಾರೆ. ನನಗೆ ಬೇಸರವಾಗುವುದು ಇಲ್ಲೇ. ಮೊದಲ ಸಲ ಆಸೆಯಿಂದ ಸೈಕಲ್ ಕೊಂಡವರು ಅದರ ಭಾರಕ್ಕೆ ಸೋತು, ‘ಸೈಕಲ್ ತುಳಿಯೋದು ನಮ್ಮಿಂದಾಗದ ಕೆಲಸ’ ಎಂದು ಕೈಬಿಡುತ್ತಾರೆ. ಎಷ್ಟು ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಇಂಥ ಸೈಕಲ್ಲುಗಳು ದೂಳು ಹೊದ್ದು ನಿಂತಿಲ್ಲ!

ಗೇರಿನ ಲೆಕ್ಕವೂ ಹಾಗೆಯೇ. ಜಪಾನಿನ ಶಿಮಾನೊ ಕಂಪನಿ 1984ರಲ್ಲಿ ‘ಕ್ಲಿಕ್’ ಎಂದೊತ್ತಿದರೆ ಸರಿಯಾದ ಹಲ್ಲಿಗೇ ಚೈನು ಬೀಳುವ ವ್ಯವಸ್ಥೆ ತಂದ ಮೇಲೆ ಗೇರು ಸಾಮಾನ್ಯ ಸವಾರರಿಗೂ ಒಗ್ಗಿತು. 21 ಸ್ಪೀಡ್ ಅಂದರೆ ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು. ಆದರೆ ಮುಂದಿನ 48 ಹಲ್ಲಿನದಕ್ಕೆ ಹಿಂದಿನ 24 ಹಲ್ಲಿನದು ಕೂಡಿದರೂ, ಮುಂದಿನ 28ಕ್ಕೆ ಹಿಂದಿನ 14 ಕೂಡಿದರೂ ಫಲ ಒಂದೇ: ಪೆಡಲ್ ಒಂದು ಸುತ್ತು, ಚಕ್ರ ಎರಡು ಸುತ್ತು. ಹೀಗೆ ಒಂದರ ಮೇಲೊಂದು ಬೀಳುವವನ್ನು ಕಳೆದರೆ ನಿಜಕ್ಕೂ ಬೇರೆಬೇರೆಯಾದ ಗೇರುಗಳು ಸುಮಾರು ಅರ್ಧ ಉಳಿಯುತ್ತವೆ. ದಾವಣಗೆರೆ, ರಾಯಚೂರಿನಂಥ ಬಯಲು ಊರಿಗೆ ಒಂದೇ ಗೇರು ಸಾಕು. ಬೆಂಗಳೂರಿನ ಫ್ಲೈಓವರುಗಳಿಗೆ ಹಿಂದೆ ಏಳು ಗೇರಿದ್ದರೆ ಧಾರಾಳ. ಮಂಗಳೂರಿನವರು, ಮಡಿಕೇರಿಯವರು ಮಾತ್ರ ಮುಂದಿನ ಸಣ್ಣ ಹಲ್ಲುಚಕ್ರವನ್ನೂ ಕೇಳಿ ಪಡೆಯಬೇಕು.

ಅಮೆರಿಕದಲ್ಲೇ 1980ರ ದಶಕದ ಕೊನೆಗೆ ತಯಾರಕರಿಗೆ ಒಂದು ಸಂಗತಿ ಹೊಳೆಯಿತು. ಮೌಂಟೇನ್ ಬೈಕ್ ಕೊಂಡವರಲ್ಲಿ ಬಹಳ ಜನ ಬೆಟ್ಟದ ಕಡೆ ತಲೆ ಹಾಕುವವರೇ ಅಲ್ಲ, ಊರಿನ ಡಾಂಬರು ರಸ್ತೆಯಲ್ಲಿ ಓಡಾಡುವವರು. ಅವರಿಗಾಗಿ ಮೌಂಟೇನ್ ಬೈಕಿನ ನೇರ ಹ್ಯಾಂಡಲನ್ನೂ ಗಟ್ಟಿ ಬ್ರೇಕನ್ನೂ ಇಟ್ಟುಕೊಂಡು, ರೇಸ್ ಸೈಕಲ್ಲಿನ ದೊಡ್ಡ ಹಗುರ ಚಕ್ರ ಜೋಡಿಸಿದರು. ಅದಕ್ಕೆ ಹೈಬ್ರಿಡ್ ಎಂದು ಹೆಸರಾಯಿತು. ನಮ್ಮಲ್ಲಿ 2005ರಲ್ಲಿ ದೆಹಲಿಯ ಫೈರ್‌ಫಾಕ್ಸ್, 2009ರಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಗೆ ಕಾಲಿಟ್ಟ ಫ್ರಾನ್ಸಿನ ಡೆಕತ್ಲಾನ್ ಇಂಥವನ್ನು ಬಳಕೆಗೆ ತಂದವು. ದೊಡ್ಡವರು ಮತ್ತೆ ತಮಗಾಗಿಯೇ ಸೈಕಲ್ ಕೊಳ್ಳಲು ಶುರುಮಾಡಿದ್ದು ಆ ಹೊತ್ತಿಗೆ. ಆದರೆ ಕರಿ ಸೈಕಲ್ಲಿನ ಹಳೆಯ ಹೆಸರುಗಳಲ್ಲೊಂದಾದ ಅಟ್ಲಾಸ್ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸಿತು.

ಕೈಗೆಟುಕುವ ಬೆಲೆಯಲ್ಲಿ ಊರೊಳಗಿನ ಓಡಾಟಕ್ಕೆ ನಾನು ಹೇಳುವುದು ಸಾದಾ ಹೈಬ್ರಿಡ್ಡನ್ನೇ: 15,000 ರೂಪಾಯಿ ಆಸುಪಾಸಿನದು, ಶಾಕ್ ಇಲ್ಲದ ನೇರ ಫೋರ್ಕಿನದು, ಅಲಾಯ್ ರಿಮ್ಮಿನದು. ಬ್ರೇಕು, ರಿಮ್ಮನ್ನು ಎರಡೂ ಪಕ್ಕದಿಂದ ಒತ್ತುವ ವಿ-ಬ್ರೇಕ್ ಆಗಿದ್ದರೆ ಒಳ್ಳೆಯದು. ಅಲಾಯ್ ರಿಮ್ಮನ್ನು ಅದು ಮಳೆಯಲ್ಲೂ ಹಿಡಿಯುತ್ತದೆ, ರಬ್ಬರು ಸವೆದರೆ ಬೀದಿ ಬದಿಯ ಸೈಕಲ್ ಶಾಪಿನವರೇ ಬದಲಿಸಿ ಕೊಡುತ್ತಾರೆ. ಅಗ್ಗದ ಡಿಸ್ಕ್ ತಟ್ಟೆ ಸ್ವಲ್ಪ ಬಾಗಿದರೂ ಸುತ್ತುಸುತ್ತಿಗೂ ಉಜ್ಜಿಕೊಂಡು ಕಿರಿಕಿರಿ ಮಾಡುತ್ತದೆ. ಟೈರಿನ ಬದಿಯಲ್ಲಿ 700x35 ಅಥವಾ 700x38 ಎಂದಿರಲಿ. ಅದರ ಪಕ್ಕದಲ್ಲೇ 622 ಎಂಬ ಇನ್ನೊಂದು ಅಂಕಿಯಿರುತ್ತದೆ, ರಿಮ್ಮಿನ ಮೇಲೆ ಟೈರು ಕೂರುವ ಜಾಗದ ವ್ಯಾಸ ಅದು, ಮಿಲಿಮೀಟರಿನಲ್ಲಿ. ಕರಿ ಸೈಕಲ್ಲಿನ 28 ಇಂಚಿನ ಟೈರಿನದು 635. ನೋಡಲು ಎರಡೂ ಒಂದೇ ಅಳತೆಯಂತಿದ್ದರೂ ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಅಂಗಡಿಯವರಿಗೆ ಇಂಚು ಹೇಳುವ ಬದಲು ಈ ಅಂಕಿ ತೋರಿಸಿ.

ಇನ್ನೊಂದನ್ನು ಕೂತು ನೋಡಬೇಕು. ಹಿಂದಿನ ಅಚ್ಚಿನ ಬಳಿ, ಸೀಟಿನ ಕೆಳಗೆ ಚೌಕಟ್ಟಿನಲ್ಲಿ ಸ್ಕ್ರೂ ಕೂರಲು ಮರೆ ಕೊರೆದ ಸಣ್ಣ ತೂತುಗಳಿವೆಯೇ? ಮಡ್‌ಗಾರ್ಡ್, ಕ್ಯಾರಿಯರ್ ಬಿಗಿಯುವುದು ಅಲ್ಲಿಯೇ. ಹೈಬ್ರಿಡ್ ಬರುವಾಗ ಕರಿ ಸೈಕಲ್ಲಿನ ಈ ಎರಡು ವಸ್ತುಗಳನ್ನು ಹೊರಗೇ ಬಿಟ್ಟು ಬಂದಿದೆ. ಜೂನ್ ತಿಂಗಳಲ್ಲಿ ಬೆನ್ನಿನ ಮೇಲೆ ಕೆಸರಿನ ಗೆರೆ ಹೊತ್ತು ಕಚೇರಿಗೆ ಹೋಗುವುದು ಯಾರಿಗೂ ಬೇಡ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. 15,000 ರೂಪಾಯಿಯ ಸೈಕಲ್ಲಿಗೆ 900ಕ್ಕೂ ಹೆಚ್ಚು ಉಳಿತಾಯ. ಆ ಹಣವನ್ನು ಮಡ್‌ಗಾರ್ಡಿಗೆ, ಬೆಲ್ಲಿಗೆ, ಹಿಂದಿನ ಕೆಂಪು ದೀಪಕ್ಕೆ ಹಾಕಿ.

ಅಷ್ಟು ಬಜೆಟ್ ಇಲ್ಲದವರು ಮತ್ತು ದಿನಕ್ಕೆ ಮೂರ್ನಾಲ್ಕು ಕಿಲೋಮೀಟರಿನವರು ಬಾರಿಲ್ಲದ ‘ಲೇಡೀಸ್ ಸೈಕಲ್’ ಕಡೆ ಸಂಕೋಚವಿಲ್ಲದೆ ನೋಡಲಿ. ಗಂಡಸರೂ ಸೇರಿ. 2006-07ರಿಂದ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟಾಗ ಎಷ್ಟೋ ಹಳ್ಳಿಯ ಹುಡುಗಿಯರು ಹೈಸ್ಕೂಲು ಮುಟ್ಟಿದ್ದು ಇಂಥದರಲ್ಲೇ. ಹತ್ತಿಳಿಯಲು ಕಾಲು ಎತ್ತಿ ಬೀಸಬೇಕಾಗಿಲ್ಲ, ಸಿಗ್ನಲ್ಲಿನಲ್ಲಿ ಥಟ್ಟನೆ ನೆಲ ಸಿಗುತ್ತದೆ, ಮಡ್‌ಗಾರ್ಡೂ ಕ್ಯಾರಿಯರೂ ಜತೆಗೇ ಬರುತ್ತವೆ. 2017ರ ಜೂನಿನಲ್ಲಿ ಮೈಸೂರು ‘ಟ್ರಿಣ್ ಟ್ರಿಣ್’ ಹೆಸರಿನಲ್ಲಿ 450 ಸೈಕಲ್ಲುಗಳನ್ನು ಸಾರ್ವಜನಿಕರಿಗೆ ಒದಗಿಸಿದಾಗಲೂ ಬೇಕಿದ್ದದ್ದು ಯಾರು ಬಂದರೂ ಹತ್ತಿ ತುಳಿಯಬಲ್ಲ ಸೈಕಲ್ಲೇ.

ಕೊಂಡ ದಿನ ಸೀಟಿನ ಎತ್ತರ ಸರಿಮಾಡಿಸಿಕೊಳ್ಳಿ. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಸೀಟು ತೀರಾ ತಗ್ಗಿಸಿಕೊಂಡು ಮಂಡಿನೋವು ತಂದುಕೊಳ್ಳುವವರೇ ಹೆಚ್ಚು. ಹೊಸ ಸೈಕಲ್ಲು ಅಂಗಡಿಗೆ ಬರುವುದು ಅರೆಬರೆ ಜೋಡಿಸಿದ ರೂಪದಲ್ಲಿ, ಪೆಟ್ಟಿಗೆಯೊಳಗೆ. ಅವಸರದಲ್ಲಿ ಜೋಡಿಸಿದ್ದರೆ ಬೇರಿಂಗು ಒಂದೋ ಬಿಗಿ, ಇಲ್ಲವೇ ಸಡಿಲ. ತುಳಿಯಲು ಶುರುಮಾಡಿ ತಿಂಗಳಾದ ಮೇಲೆ ಚಕ್ರದ ಕಡ್ಡಿಗಳೂ ಸಡಿಲಗೊಂಡಿರುತ್ತವೆ. ಆಗ ಮನೆ ಹತ್ತಿರದ ಸೈಕಲ್ ಶಾಪಿಗೆ ಕೊಟ್ಟು ಕಡ್ಡಿ ಬಿಗಿಸಿ, ಚಕ್ರದ ಬೆಂಡು ತೆಗೆಸಿ, ಕೇಬಲ್ ಎಳೆಸಿಕೊಂಡರೆ ಮುಂದೆ ವರ್ಷಗಟ್ಟಲೆ ಚೈನಿಗೆ ಎಣ್ಣೆ, ಟೈರಿಗೆ ಗಾಳಿ, ಆಗೊಂದು ಈಗೊಂದು ಪಂಕ್ಚರ್ ಬಿಟ್ಟರೆ ಹೆಚ್ಚಿನ ಖರ್ಚಿಲ್ಲ.