ಕಾಣಿಕೆ ಅಲ್ಲೇ ಇರಲಿ, ಮೊದಲು ಸಹೋದರನ ಬಳಿ ಹೋಗು

ತಪಸ್ಸುಕಾಲದಲ್ಲಿ ನಮ್ಮ ಚರ್ಚುಗಳಲ್ಲಿ ಪಾಪನಿವೇದನೆಗೆ, ಕೊಂಕಣಿಯಲ್ಲಿ ನಾವು 'ಕುಮ್ಸಾರ್' ಎನ್ನುವ ಸಂಸ್ಕಾರಕ್ಕೆ, ಸಾಲು ಉದ್ದವಿರುತ್ತದೆ. ಆ ಸಾಲಿನಲ್ಲಿ ಅಣ್ಣ ಮುಂದೆ, ತಮ್ಮ ನಾಲ್ಕು ಜನರ ಹಿಂದೆ ನಿಂತಿರುವುದುಂಟು. ತೋಟದ ಗಡಿಯ ವಿಷಯದಲ್ಲಿ ಇಬ್ಬರಿಗೂ ವರ್ಷಗಳಿಂದ ಮಾತಿಲ್ಲ. ದೇವರೊಡನೆ ರಾಜಿಯಾಗಲು ಬಂದವರು ಒಬ್ಬರ ಮುಖ ಇನ್ನೊಬ್ಬರು ನೋಡದೆ ಮನೆಗೆ ಮರಳಬಹುದೇ?

ಮತ್ತಾಯನ ಶುಭಸಂದೇಶದ 5ನೇ ಅಧ್ಯಾಯದಲ್ಲಿ (23-24) ಪ್ರಭು ಯೇಸು ಇದಕ್ಕೆ ನೇರವಾಗಿ ಉತ್ತರಿಸುತ್ತಾರೆ. ಬಲಿಪೀಠಕ್ಕೆ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ಸಮಾಧಾನ ಮಾಡಿಕೊಂಡು ಬಾ ಎನ್ನುತ್ತಾರೆ. ಕೇಳುತ್ತಿದ್ದವರಲ್ಲಿ ಅನೇಕರು ಗಲಿಲೇಯದವರು. ಬಲಿಪೀಠವಿದ್ದದ್ದು ಜೆರುಸಲೇಮಿನಲ್ಲಿ, ಹಲವು ದಿನಗಳ ಕಾಲ್ನಡಿಗೆಯ ದೂರದಲ್ಲಿ. ಊರಿಗೆ ಮರಳಿ, ರಾಜಿಯಾಗಿ, ಮತ್ತೆ ಅಷ್ಟು ದೂರ ನಡೆದು ಬರಬೇಕಿತ್ತು! 'ತಪ್ಪು ಅವನದು, ಅವನೇ ಬರಲಿ' ಎನ್ನುವವರಿಗೂ ಇಲ್ಲಿ ಜಾಗವಿಲ್ಲ. ಮನಸ್ತಾಪ ಅವನಿಗೆ, ಹೊರಡಬೇಕಾದವನು ನೀನು. ಇನ್ನು ಮಾರ್ಕನ ಶುಭಸಂದೇಶದಲ್ಲಿ (11:25) ನೊಂದವನಿಗೂ ಕ್ಷಮಿಸುವಂತೆ ಹೇಳಲಾಗಿದೆ. ಕಾದು ಕುಳಿತುಕೊಳ್ಳಲು ಇಬ್ಬರಿಗೂ ನೆಪವಿಲ್ಲ.

ಇದೆಲ್ಲ ಬೋಧನೆಗೆ ಚೆಂದ, ನಡೆಯುವುದುಂಟೇ ಎಂದು ಕೇಳುವವರಿದ್ದಾರೆ. ಕೇರಳದ ಪುಲ್ಲುವಳಿಯವರಾದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದಲ್ಲಿ ಬಡ ರೈತರ ಪರ ದುಡಿಯುತ್ತಿದ್ದರು. 1995ರ ಫೆಬ್ರವರಿ 25ರಂದು ಇಂದೋರಿಗೆ ಹೊರಟಿದ್ದ ಬಸ್ಸಿನಲ್ಲಿ ಸಮುಂದರ್ ಸಿಂಗ್ ಎಂಬಾತ ಅವರನ್ನು ಇರಿದು ಕೊಂದ. ಅವರ ಒಡಹುಟ್ಟಿದ ತಂಗಿ ಸಿಸ್ಟರ್ ಸೆಲ್ಮಿ ಪೌಲ್ 2002ರಲ್ಲಿ ಜೈಲಿಗೆ ಹೋಗಿ ಅದೇ ಕೈಗೆ ರಾಖಿ ಕಟ್ಟಿದರು. ಆತನ ಬಿಡುಗಡೆಗಾಗಿ ಕುಟುಂಬವೇ ಮನವಿ ಮಾಡಿತು. 2006ರಲ್ಲಿ ಆತ ಹೊರಬಂದ. ಬಳಿಕ ಪುಲ್ಲುವಳಿಯ ಮನೆಗೆ ಹೋದಾಗ ಆ ತಾಯಿ ಆತನ ಕೈಗಳಿಗೆ ಮುತ್ತಿಟ್ಟರು, ತನ್ನ ಮಗಳ ರಕ್ತ ತಾಗಿದ ಕೈಗಳೆಂದು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ಸಿಸ್ಟರ್ ರಾಣಿ ಮರಿಯಾರನ್ನು ಧನ್ಯರೆಂದು ಘೋಷಿಸಲಾಯಿತು.

ಹಾಗೆಂದು ಕ್ಷಮೆ ಎಂದರೆ ತಪ್ಪಿಗೆ ತೇಪೆ ಹಾಕುವುದಲ್ಲ. ಸಮುಂದರ್ ಸಿಂಗ್ ವರ್ಷಗಟ್ಟಲೆ ಜೈಲಿನಲ್ಲಿದ್ದ. ಕುಡಿದು ಹೊಡೆಯುವ ಗಂಡನನ್ನು ಕ್ಷಮಿಸಿದ ಹೆಂಡತಿ ಮತ್ತೆ ಏಟು ತಿನ್ನಲು ಆ ಮನೆಗೆ ಮರಳಲೇಬೇಕೆಂದು ಧರ್ಮಸಭೆ ಹೇಳುವುದಿಲ್ಲ.

ಪಾಪನಿವೇದನೆಯಲ್ಲಿ ಗುರುಗಳು ಪಾಪವಿಮೋಚನೆ ನೀಡಿದಾಗ ದೇವರ ಕ್ಷಮೆ ನಿಜವಾಗಿ ದೊರೆಯುತ್ತದೆ. ಆದರೆ ಪಾಪ ಮಾಡಿದ ಹಾನಿ ಅಷ್ಟಕ್ಕೇ ಸರಿಹೋಗುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು ಎಂದು ಕಥೋಲಿಕ ಧರ್ಮೋಪದೇಶ ಗ್ರಂಥ (1459) ಹೇಳುತ್ತದೆ. ಸುಂಕದ ಜಕ್ಕಾಯನು ನಾಲ್ಕು ಪಟ್ಟು ಹಿಂದಿರುಗಿಸುವೆನೆಂದ. ನಮ್ಮಲ್ಲಿ ಮೂರು 'ನಮೋ ಮರಿಯಾ' ಹೇಳಿ ಮುಗಿಸುವವರೇ ಹೆಚ್ಚು. ಸರಿಸಿದ ಗಡಿಕಲ್ಲು ಸರಿಸಿದಲ್ಲೇ ಇರುತ್ತದೆ.

ನೀವು ಹೋದರೂ ಆತ ಬಾಗಿಲು ತೆರೆಯದಿದ್ದರೆ? ನಿಮ್ಮಿಂದಾದಷ್ಟು ಮಟ್ಟಿಗೆ ಎಲ್ಲರೊಡನೆ ಸಮಾಧಾನದಿಂದಿರಿ ಎಂಬುದು ಸಂತ ಪೌಲರ ಮಾತು (ರೋಮ 12:18). ತಮ್ಮ ಮುಂಬಯಿಯಲ್ಲೋ ಕುವೈತಿನಲ್ಲೋ ಇದ್ದರೆ ಫೋನ್ ಮಾಡಬಹುದು. ಪಕ್ಕದ ಮನೆಯಲ್ಲೇ ಇದ್ದರೆ ಈ ಭಾನುವಾರ ಪೂಜೆಗೆ ಹೊರಡುವ ಮುನ್ನ ಆ ಕಡೆ ಹೋಗಿ ಬನ್ನಿ.